ಅಮೆರಿಕದ ಕಾಡಿನಲ್ಲಿ ಬೆತ್ತಲೆ ಬಿಡಾರ: ಟೆಂಟ್ ಎಲ್ಲಿ ಹಾಕುತ್ತೀರಿ ಎಂಬುದೇ ಮುಖ್ಯ

ಮಾನ್ಯ ಸಂಪಾದಕರೇ,

ಅಮೆರಿಕದ ಕಾಡುಗಳಲ್ಲಿ ಬಟ್ಟೆ ತೊಡುವುದು ಬಿಡುವುದು ಅವರವರ ಇಷ್ಟ ಎಂಬ ಅರ್ಥ ಬರುವ ಪ್ರವಾಸ ಬರಹವೊಂದು ನಿಮ್ಮ ಪುರವಣಿಯಲ್ಲಿ ಬಂದಿತ್ತು. ಅದನ್ನು ಓದಿ, ಬೇಸಿಗೆಗೆ ಮಗನ ಮನೆಗೆ ಹೊರಟ ಅಪ್ಪ-ಅಮ್ಮಂದಿರು ಗಾಬರಿಯಾಗುವುದೂ ಬೇಡ, ಅಲ್ಲೇ ನೆಲೆಸಿರುವ ಹುಡುಗರು ಅಷ್ಟನ್ನೇ ನಂಬಿ ಟೆಂಟ್ ಹೊತ್ತು ಹೊರಡುವುದೂ ಬೇಡ. ವಿಷಯ ಅಷ್ಟು ಸಲೀಸಾಗಿಲ್ಲ.

ಕೇಂದ್ರ ಸರ್ಕಾರದ ನೆಲಕ್ಕೆಲ್ಲ ಅನ್ವಯಿಸುವಂತೆ ಬರೀ ಬೆತ್ತಲಾಗಿರುವುದನ್ನು ನಿಷೇಧಿಸುವ ಒಂದೇ ಕಾನೂನು ಅಲ್ಲಿಲ್ಲ ಎಂಬುದು ನಿಜ. ಆದರೆ ಕೇಂದ್ರ ಸರ್ಕಾರದ ಕಾಡಾದ ನ್ಯಾಷನಲ್ ಫಾರೆಸ್ಟ್‌ನೊಳಗೂ ಆಯಾ ರಾಜ್ಯದ ಕಾನೂನು ನಡೆಯುತ್ತದೆ. ಆರೆಗಾನ್‌ನಲ್ಲಿ ದೇಹ ತೋರಿಸಿದ್ದು ಅಪರಾಧವಾಗಬೇಕಾದರೆ ಅದರ ಹಿಂದೆ ಲೈಂಗಿಕ ಉದ್ದೇಶ ಇರಬೇಕು. ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 1972ರಲ್ಲೇ, ಜನರಿಲ್ಲದ ಕಡಲತೀರದಲ್ಲಿ ಬೆತ್ತಲೆಯಾಗಿ ಬಿಸಿಲು ಕಾಯಿಸಿಕೊಂಡ ಮಾತ್ರಕ್ಕೆ ಅದು ಅಶ್ಲೀಲ ಪ್ರದರ್ಶನವಲ್ಲ ಎಂದಿತು. ಅದೇ ರಾಜ್ಯದ ಸ್ಟೇಟ್ ಪಾರ್ಕ್‌ಗಳಲ್ಲಿ ಮಾತ್ರ ಪಾರ್ಕ್ ಇಲಾಖೆಯದೇ ನಿಯಮದ ಪ್ರಕಾರ ನಿಷೇಧವಿದೆ. ಮ್ಯಾಸಚೂಸೆಟ್ಸ್‌ನ ಕೇಪ್ ಕಾಡ್ ರಾಷ್ಟ್ರೀಯ ಕಡಲತೀರಕ್ಕೂ ಪ್ರತ್ಯೇಕ ನಿಷೇಧ ಉಂಟು. ಅರ್ಕಾನ್ಸಾ ರಾಜ್ಯದ ಕಾನೂನಂತೂ ತೀರಾ ಬಿಗಿ. ಬೇಲಿಯ ಈಚೆಗೆ ಏನೂ ಆಗದ್ದು ಆಚೆಗೆ ದಂಡಕ್ಕೆ ಕಾರಣವಾಗಬಹುದು, ಆ ಬೇಲಿ ಎಷ್ಟೋ ಕಡೆ ನಕ್ಷೆಯಲ್ಲಿ ಮಾತ್ರ ಇರುತ್ತದೆ.

ಹಾಗಾಗಿ ಹೊರಡುವ ಮೊದಲು ಆ ಭಾಗದ ರೇಂಜರ್ ಕಚೇರಿಗೆ ಒಂದು ಫೋನ್ ಮಾಡುವುದೇ ಸರಿ. ಸುಮ್ಮನೆ ‘ಪರವಾಗಿಲ್ಲವಾ’ ಎಂದು ಕೇಳಬೇಡಿ. ಬೆತ್ತಲೆಯ ಬಗ್ಗೆ ಈ ಫಾರೆಸ್ಟ್‌ನ ವಿಶೇಷ ಆದೇಶವೇನಾದರೂ ಇದೆಯೇ, ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ನಿಯಮ ಏನು, ಬಿಸಿನೀರ ಬುಗ್ಗೆ ಇದ್ದರೆ ಅದರ ಹತ್ತಿರ ರಾತ್ರಿ ತಂಗಬಹುದೇ, ಈಗ ಬೆಂಕಿ ಹಾಕಲು ನಿರ್ಬಂಧ ಇದೆಯೇ ಎಂದು ಬಿಡಿಸಿ ಕೇಳಿ. ಮೂರನೆಯ ಪ್ರಶ್ನೆಯನ್ನೇ ಜನ ಮರೆಯುವುದು. ಆರೆಗಾನ್‌ನ ವಿಲಾಮೆಟ್ ಫಾರೆಸ್ಟ್‌ನ ಟರ್ವಿಲಿಗರ್ ಬಿಸಿನೀರ ಬುಗ್ಗೆಗಳಲ್ಲೂ, ದಕ್ಷಿಣ ಕ್ಯಾಲಿಫೋರ್ನಿಯಾದ ಡೀಪ್ ಕ್ರೀಕ್ ಬುಗ್ಗೆಗಳಲ್ಲೂ ಬಟ್ಟೆಯಿಲ್ಲದೆ ನೀರಿಗಿಳಿಯುವುದು ಬಹುಕಾಲದ ರೂಢಿ. ಆದರೆ ಎರಡೂ ಕಡೆ ಹಗಲಿಗೆ ಮಾತ್ರ ಪ್ರವೇಶ, ಅಲ್ಲೇ ಟೆಂಟ್ ಹಾಕಿ ಮಲಗಿದರೆ ದಂಡ ಬೀಳುತ್ತದೆ.

ಇನ್ನು ಟೆಂಟ್ ಹಾಕುವ ಜಾಗ. ಹಠಾತ್ತನೆ ಯಾರೋ ಎದುರಾಗುವ ಪ್ರಸಂಗಗಳು ಹುಟ್ಟುವುದೇ ಇಲ್ಲಿ. ಹಳ್ಳದ ದಡ ಚೆಂದ ಕಾಣುತ್ತದೆ ಎಂದು ಅಲ್ಲೇ ಬಿಡಾರ ಹೂಡುತ್ತಾರೆ. ಕಾಡಿನಲ್ಲಿರುವ ಪ್ರತಿಯೊಬ್ಬರೂ ದಿನಕ್ಕೊಮ್ಮೆಯಾದರೂ ನೀರಿಗೆ ಬಂದೇ ಬರುತ್ತಾರೆ. ಮೀನು ಹಿಡಿಯುವವರು ದಾರಿಯನ್ನೇ ಹಿಡಿಯುವುದಿಲ್ಲ, ದಡದಗುಂಟ ಸದ್ದಿಲ್ಲದೆ ನಡೆದುಬರುತ್ತಾರೆ. ನೀರಿನಿಂದಲೂ ದಾರಿಯಿಂದಲೂ 200 ಅಡಿ, ಅಂದರೆ ದೊಡ್ಡವರ ಎಪ್ಪತ್ತು ಹೆಜ್ಜೆ ದೂರವಿರಬೇಕೆಂಬುದು ಅಲ್ಲಿನ ಕ್ಯಾಂಪಿಂಗ್ ಶಿಸ್ತು. ಅದು ಮುಖ್ಯವಾಗಿ ನೀರು ಕೆಡದಿರಲಿ ಎಂದು ಹುಟ್ಟಿದ ಲೆಕ್ಕ, ಅಷ್ಟು ದೂರವಿದ್ದರೆ ಮರೆ ಸಿಕ್ಕೇ ಸಿಗುತ್ತದೆ ಎಂದಲ್ಲ. ಪೈನ್ ಮರಗಳ ಕೆಳಗೆ ಪೊದೆ ಇರುವುದಿಲ್ಲ, ಅಲ್ಲಿ 200 ಅಡಿ ಎಂದರೆ ಜಗಲಿಯ ಮೇಲೆ ಕೂತಷ್ಟೇ ಬಯಲು. ಗುಡ್ಡದ ಮಡಿಕೆಯೋ ದೊಡ್ಡ ಬಂಡೆಯೋ ನಡುವೆ ಇರುವಂತೆ ನೋಡಿಕೊಳ್ಳಿ. ಟೆಂಟ್ ಬಿಚ್ಚುವ ಮುಂಚೆ ಚೀಲವನ್ನು ಅಲ್ಲಿಟ್ಟು ದಾರಿಗೆ ವಾಪಸ್ ನಡೆಯಿರಿ, ಎರಡೂ ದಿಕ್ಕಿನಿಂದ ಬಂದು ನೋಡಿ, ಚೀಲ ಕಂಡರೆ ನೀವೂ ಕಾಣುತ್ತೀರಿ. ಹಾವಿನಂತೆ ಸುತ್ತಿ ಏರುವ ದಾರಿಯಾದರೆ ಮೇಲಿನ ತಿರುವಿಗೂ ಹತ್ತಿ ನೋಡಬೇಕು. ಕುದುರೆ ಸವಾರರು ಬರುವ ದಾರಿಯಾದರೆ ಅವರ ಕಣ್ಣು ಪೊದೆಗಿಂತ ಎತ್ತರದಲ್ಲಿರುತ್ತದೆ ಎಂಬುದೂ ನೆನಪಿರಲಿ. ಶರತ್ಕಾಲದ ಬೇಟೆಯ ಕಾಲದಲ್ಲಿ ಮಾತ್ರ ಈ ಶೋಕಿ ಬೇಡವೇ ಬೇಡ. ಮೈಮೇಲೆ ಎದ್ದುಕಾಣುವ ಕಿತ್ತಳೆ ಬಣ್ಣದ ಬಟ್ಟೆ ಇರಲೇಬೇಕಾದ ಸಮಯ ಅದು.

ಇಷ್ಟಾದರೂ ಯಾರಾದರೂ ಬರುತ್ತಾರೆ. ಆಗ ಕೆಲಸಕ್ಕೆ ಬರುವುದು ನಮ್ಮ ಲುಂಗಿ. ಅದು ಟೆಂಟಿನೊಳಗಲ್ಲ, ಕೈಗೆಟಕುವ ಕೊಂಬೆಯ ಮೇಲಿರಬೇಕು. ಗಡಿಬಿಡಿಯಲ್ಲಿ ಎಳೆದಾಗಲೇ ಟೆಂಟಿನ ಜಿಪ್ ಬಟ್ಟೆ ಕಚ್ಚಿಕೊಳ್ಳುವುದು. ಪೊದೆಯ ಹಿಂದೆ ಓಡಬೇಡಿ. ಬಂದವರಿಗೆ ಕಾಣುವುದು ಬೆತ್ತಲೆಯಾಗಿ ಅಡಗಿಕೊಳ್ಳುತ್ತಿರುವ ಒಬ್ಬ ಅಪರಿಚಿತ, ಇದಕ್ಕಿಂತ ಭಯ ಹುಟ್ಟಿಸುವ ನೋಟ ಇನ್ನೊಂದಿಲ್ಲ. ಹೆಜ್ಜೆ ಸದ್ದು ಕೇಳಿದೊಡನೆ ಕೂತಲ್ಲಿಂದಲೇ ಜೋರಾಗಿ ‘ಹಲೋ, ಇಲ್ಲಿ ಬಟ್ಟೆ ಹಾಕಿಲ್ಲ, ಒಂದು ನಿಮಿಷ’ ಎಂದು ಹೇಳಿ ಲುಂಗಿ ಸುತ್ತಿಕೊಳ್ಳಿ. ಅವರ ಕಡೆ ಒಂದು ಹೆಜ್ಜೆಯನ್ನೂ ಇಡಬೇಡಿ, ಅವರು ದಾಟಿ ಹೋಗಲಿ. ಒಂಟಿ ಹೆಂಗಸು ಬಂದರೆ ನಮಸ್ಕಾರಕ್ಕಿಂತ ಹೆಚ್ಚು ಮಾತು ಬೇಡ, ಎಲ್ಲಿ ಉಳಿದಿದ್ದೀರಿ ಎಂಬ ಪ್ರಶ್ನೆಯಂತೂ ಕೂಡದು. ಮಕ್ಕಳಿದ್ದರೆ ಯಾರೂ ಹೇಳುವ ಮುಂಚೆಯೇ ಮೈ ಮುಚ್ಚಿಕೊಳ್ಳಬೇಕು, ಅಲ್ಲಿ ಹಕ್ಕಿನ ಚರ್ಚೆಗೆ ಜಾಗವಿಲ್ಲ. ಕುದುರೆ ಬಂದರೆ ದಾರಿಯ ಇಳಿಜಾರಿನ ಬದಿಗೆ ಸರಿದು ಮೆಲ್ಲಗೆ ಮಾತಾಡುತ್ತಿರಿ, ಮನುಷ್ಯ ಎಂದು ದನಿಯಿಂದ ಗೊತ್ತಾದರೆ ಅದು ಬೆದರುವುದಿಲ್ಲ.

ಬಟ್ಟೆ ತೊಟ್ಟು ಎದುರಾಗುವವರಿಗೆ, ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ, ಇರುವ ಕೆಲಸ ಕಡಿಮೆ. ಮುಖ ನೋಡಿ ಹಲೋ ಹೇಳಿ, ಮುಂದೆ ನಡೆಯಿರಿ. ಫೋನ್ ಜೇಬಿನಿಂದ ಹೊರಗೆ ಬರಬಾರದು. ಬೆಟ್ಟದ ಫೋಟೋ ತೆಗೆಯುತ್ತಿದ್ದೆ ಎಂದರೆ ಯಾರೂ ನಂಬುವುದಿಲ್ಲ, ಬುಗ್ಗೆಗಳ ಬಳಿ ಕ್ಯಾಮೆರಾದಿಂದಲೇ ಜಗಳ ಶುರುವಾಗಬಹುದು. ಊರಿನಿಂದ ಬಂದ ಅಪ್ಪ-ಅಮ್ಮ ಜೊತೆಗಿದ್ದರೆ ಕಾರಿನಲ್ಲೇ ಹೇಳಿಬಿಡಿ, ಅಲ್ಲಿಗೆ ಹೋದ ಮೇಲೆ ಪಿಸುಗುಟ್ಟುವುದಕ್ಕಿಂತ ಅದು ಎಷ್ಟೋ ವಾಸಿ. ಇಂಥ ಬುಗ್ಗೆಗಳಲ್ಲಿ ಈಜುಡುಗೆ ತೊಟ್ಟು ಇಳಿದರೂ ಯಾರೂ ಏನೂ ಅನ್ನುವುದಿಲ್ಲ. ಯಾರಾದರೂ ಹಿಂಬಾಲಿಸಿದರೆ, ಮೈ ತೋರಿಸಿಕೊಂಡೇ ಅಸಭ್ಯವಾಗಿ ನಡೆದುಕೊಂಡರೆ ಅದು ಬೇರೆಯೇ ವಿಷಯ, ನೇರವಾಗಿ ಅಪರಾಧ. ವಾದಕ್ಕೆ ನಿಲ್ಲದೆ ಹೊರಡಿ, ದಾರಿಯ ಆರಂಭದಲ್ಲಿ ನಿಂತಿರುವ ವಾಹನಗಳ ನಂಬರ್ ಬರೆದುಕೊಳ್ಳಿ, ಸಿಗ್ನಲ್ ಸಿಕ್ಕೊಡನೆ ಷೆರಿಫ್ (ಕೌಂಟಿಯ ಪೊಲೀಸ್) ಕಚೇರಿಗೆ ತಿಳಿಸಿ.

ಬರಿಮೈಗೆ ಕಾಡು ಕೊಡುವ ಕಾಟದ ಬಗ್ಗೆ ಆ ಬರಹದಲ್ಲಿ ಒಂದು ಸಾಲೂ ಇರಲಿಲ್ಲ. ಪ್ರತಿ ಸಾವಿರ ಮೀಟರ್ ಏರಿದಂತೆ ಅತಿನೇರಳೆ ಕಿರಣ ಸುಮಾರು ಶೇ 10ರಷ್ಟು ಹೆಚ್ಚುತ್ತದೆ, ಎಂದೂ ಬಿಸಿಲು ಕಾಣದ ಚರ್ಮ ಮೊದಲು ಸುಡುತ್ತದೆ. ಉಣ್ಣೆಹುಳುಗಳನ್ನು ದೂರವಿಡುವ ಪರ್ಮೆತ್ರಿನ್ ಸಿಂಪಡಿಸುವುದು ಬಟ್ಟೆಗೆ, ಮೈಗಲ್ಲ. ಬಟ್ಟೆಯೇ ಇಲ್ಲದಿದ್ದರೆ ಆ ರಕ್ಷಣೆಯೂ ಇಲ್ಲ, ಆದ್ದರಿಂದ ಸಂಜೆ ಮಂಡಿಯ ಹಿಂಭಾಗ, ತೊಡೆಸಂದು, ಕಂಕುಳು, ಕೂದಲ ಅಂಚು ಹುಡುಕಿ ನೋಡಬೇಕು. ಪಾಯ್ಸನ್ ಓಕ್ ಎಂಬ ಮೂರೆಲೆಯ ಗಿಡದ ಎಣ್ಣೆ ತಾಗಿದರೆ ವಾರಗಟ್ಟಲೆ ತುರಿಕೆ, ಅದನ್ನು ಸುಟ್ಟ ಹೊಗೆಯೂ ಅಪಾಯ. ಬೆನ್ನುಚೀಲದ ಸೊಂಟಪಟ್ಟಿ ಬರಿಮೈಮೇಲೆ ಒಂದು ಗಂಟೆಯಲ್ಲಿ ಚರ್ಮ ಸುಲಿಯುತ್ತದೆ, ಹಾಗಾಗಿ ನಡೆಯುವಾಗ ಬಟ್ಟೆ, ಬಿಡಾರದಲ್ಲಿ ಬೇಕಿದ್ದರೆ ಬಿಡುವುದು ಎಂಬ ಕ್ರಮವೇ ಅನುಕೂಲ. ಸ್ಟೌ ಹಚ್ಚುವಾಗ ಪ್ಯಾಂಟ್ ತೊಟ್ಟುಕೊಳ್ಳಿ, ಕುದಿಯುವ ನೀರು ಮಗುಚಿದರೆ ಆಸ್ಪತ್ರೆ ಗಂಟೆಗಟ್ಟಲೆ ದೂರ. ಎಲ್ಲಿ ಕೂತರೂ ಕೆಳಗೆ ಟವೆಲ್ ಇರಲಿ. ಬಿಸಿನೀರ ಬುಗ್ಗೆಯಲ್ಲಿ ತಲೆ ಮುಳುಗಿಸಬೇಡಿ, ಮೂಗಿನ ಮೂಲಕ ಮಿದುಳಿಗೇರುವ ಅಮೀಬಾ ಅಪರೂಪ, ಆದರೆ ಬಂದರೆ ಬದುಕುವವರು ತೀರಾ ವಿರಳ.

ಇದನ್ನೆಲ್ಲ ಓದಿ ಊರಿಗೆ ಬಂದಾಗ ಗೋಕರ್ಣದ ಕಡೆಯೋ ಪಶ್ಚಿಮ ಘಟ್ಟದಲ್ಲೋ ಪ್ರಯತ್ನಿಸೋಣ ಎಂದುಕೊಳ್ಳುವವರು ಭಾರತೀಯ ನ್ಯಾಯ ಸಂಹಿತೆಯ 296ನೇ ಸೆಕ್ಷನ್ ನೋಡಬೇಕು. ಸಾರ್ವಜನಿಕ ಸ್ಥಳದಲ್ಲಿ ಇತರರಿಗೆ ಕಿರಿಕಿರಿಯಾಗುವ ಅಶ್ಲೀಲ ವರ್ತನೆಗೆ ಮೂರು ತಿಂಗಳವರೆಗೆ ಜೈಲು, ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ. ಮೀಸಲು ಅರಣ್ಯದಲ್ಲಾದರೆ ಅನುಮತಿಯಿಲ್ಲದೆ ಟೆಂಟ್ ಹಾಕಿದ್ದಕ್ಕೇ ಮೊದಲ ಕೇಸು.

ಮುಂದೆ ಇಂಥ ಪ್ರವಾಸ ಬರಹ ಪ್ರಕಟಿಸುವಾಗ ಆ ಜಾಗ ಯಾರ ಆಡಳಿತದಲ್ಲಿದೆ, ಯಾವ ರಾಜ್ಯದಲ್ಲಿದೆ, ರಾತ್ರಿ ಉಳಿಯಲು ಅವಕಾಶ ಇದೆಯೇ ಎಂಬ ಮೂರು ಸಾಲನ್ನು ಕೊನೆಯಲ್ಲಿ ಸೇರಿಸಬೇಕೆಂದು ಕೋರುತ್ತೇವೆ.

— ಇಬ್ಬರು ಓದುಗರು, ಪೋರ್ಟ್‌ಲ್ಯಾಂಡ್, ಆರೆಗಾನ್