ಬ್ಯಾಗ್ ಹೊರುವ ಹುಡುಗರಿಗೂ ಆಡಲು ಜಾಗ ಕೊಡಿಸಿ: ಕ್ರೀಡಾ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕದ ಮಾನ್ಯ ಕ್ರೀಡಾ ಸಚಿವರಿಗೆ,

ನಮಸ್ಕಾರ.

ಸಿ. ಮುನಿಯಪ್ಪ ನಿಮಗೆ ನೆನಪಿದ್ದಾರಾ ಸರ್? ನಮ್ಮ ಬೆಂಗಳೂರಿನವರು. 2009ರಲ್ಲಿ ಇಂಡಿಯನ್ ಓಪನ್ ಗಾಲ್ಫ್ ಗೆದ್ದರು. ನಾಲ್ಕು ದಿನ ಆಡಿದ ಮೇಲೂ ಕೊರಿಯಾದ ಆಟಗಾರನ ಜೊತೆ ಸ್ಕೋರ್ ಸಮ ಆಗಿತ್ತು. ಕೊನೆಗೆ ಪ್ಲೇಆಫ್‌ನಲ್ಲಿ ಗೆದ್ದು, ಸುಮಾರು 2 ಲಕ್ಷ ಡಾಲರ್ ಬಹುಮಾನ ತಂದರು. ಇವರು ಆಟ ಕಲಿತಿದ್ದು ಕ್ಯಾಡಿಯಾಗಿ, ಬೇರೆಯವರ ಬ್ಯಾಗ್ ಹೊತ್ತುಕೊಂಡು.

ಇದು ಅಪರೂಪದ ಕಥೆ ಏನೂ ಅಲ್ಲ. 1991 ಮತ್ತು 1993ರಲ್ಲಿ ಇದೇ ಟೂರ್ನಿ ಗೆದ್ದ ದೆಹಲಿಯ ಅಲಿ ಶೇರ್ ಕೂಡ ಕ್ಯಾಡಿಯಾಗಿದ್ದವರು. ಎಸ್.ಎಸ್.ಪಿ. ಚೌರಾಸಿಯಾ ಅವರ ತಂದೆ ಕೋಲ್ಕತ್ತದ ಗಾಲ್ಫ್ ಕ್ಲಬ್ಬೊಂದರಲ್ಲಿ ಹುಲ್ಲು ನೋಡಿಕೊಳ್ಳುತ್ತಿದ್ದರು. ಮಗ 2016, 2017 ಎರಡೂ ವರ್ಷ ಇಂಡಿಯನ್ ಓಪನ್ ಗೆದ್ದರು, ರಿಯೊ ಒಲಿಂಪಿಕ್ಸ್‌ನಲ್ಲೂ ಆಡಿದರು. ಗಾಲ್ಫ್ ಅಂದ್ರೆ ಸಾಹುಕಾರರ ಆಟ ಅಂತೀವಿ. ಗೆದ್ದವರ ಪಟ್ಟಿ ಬೇರೇನೋ ಹೇಳುತ್ತಿದೆ, ಅಲ್ವಾ?

ನಾನು ಭಾನುವಾರದ ಆಟಗಾರ, ಅದೂ ಸುಮಾರು. ನನ್ನ ಬ್ಯಾಗ್ ಹೊರುವ ಹುಡುಗ ಗ್ರೀನ್ ಮೇಲೆ, ಅಂದ್ರೆ ಕುಳಿಯ ಸುತ್ತ ಹುಲ್ಲನ್ನು ನುಣ್ಣಗೆ ಕತ್ತರಿಸಿದ ಜಾಗದಲ್ಲಿ, ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ ನೋಡುತ್ತಾನೆ. "ಸರ್, ಬಲಕ್ಕೆ ತಿರುಗುತ್ತೆ. ಎಡಕ್ಕೆ ಒಂದು ಕುಳಿ ಅಗಲದಷ್ಟು ಬಿಟ್ಟು ಹೊಡೀರಿ." ನಾನು ಮಾತು ಕೇಳದೆ ನೇರ ಹೊಡೆಯುತ್ತೇನೆ. ಚೆಂಡು ಬಲಕ್ಕೇ ಹೋಗುತ್ತದೆ. ಅವನು ಸುಮ್ನೆ ಬಾವುಟ ಎತ್ತಿಕೊಂಡು ನಿಲ್ಲುತ್ತಾನೆ. ನಿಯಮದ ಪ್ರಕಾರ ಒಬ್ಬರು 14 ಕ್ಲಬ್ (ಚೆಂಡು ಹೊಡೆಯುವ ಕೋಲು) ಇಟ್ಟುಕೊಳ್ಳಬಹುದು. ಅವನ ಹತ್ತಿರ ಇರುವುದು ಮೂರು, ಮೂರೂ ಯಾರೋ ಬೇಡ ಅಂತ ಕೊಟ್ಟಿದ್ದು. ಒಂದರ ಹಿಡಿಗೆ ಕರೆಂಟ್ ಟೇಪ್ ಸುತ್ತಿದ್ದಾನೆ. ಅವನಿಗೆ ಆಡಲು ಸಿಗುವುದು ಸೋಮವಾರ ಮಾತ್ರ, ಸದಸ್ಯರಿಗೆ ರಜೆ ಇರುವಾಗ.

ಹೇಗೋ ಪ್ರೊ, ಅಂದ್ರೆ ವೃತ್ತಿಪರ ಆಟಗಾರ, ಆದ ಅಂತಿಟ್ಟುಕೊಳ್ಳಿ. ಆಮೇಲೆ ಸಂಬಳ ಅನ್ನೋದೇ ಇಲ್ಲ. ಎಂಟ್ರಿ ಫೀ, ರೈಲು, ರೂಮು, ತನ್ನ ಬ್ಯಾಗ್ ಹೊರುವವನ ಕೂಲಿ, ಎಲ್ಲ ಕೈಯಿಂದಲೇ. ಸಾಮಾನ್ಯವಾಗಿ ಎರಡು ದಿನದ ಆಟದ ನಂತರ ಕಟ್ ಬೀಳುತ್ತದೆ, ಅಂದ್ರೆ ಸ್ಕೋರ್‌ನಲ್ಲಿ ಹಿಂದುಳಿದವರನ್ನು ಹೊರಗೆ ಬಿಡುತ್ತಾರೆ. ಒಂದೇ ಒಂದು ಹೊಡೆತದಿಂದ ಕಟ್ ತಪ್ಪಿಹೋದರೂ ಬಹುಮಾನದ ಹಣ ಇಲ್ಲ, ಬರಿಗೈಲಿ ವಾಪಸ್. ಮನೆಯಲ್ಲಿ ಕಾಸಿರುವ ಹುಡುಗ ಇಂಥ ಹತ್ತು ವಾರ ತಡೆಯಬಹುದು. ಕ್ಯಾಡಿ ಹುಡುಗ ಎರಡನೇ ವಾರಕ್ಕೇ ಮತ್ತೆ ಬ್ಯಾಗ್ ಎತ್ತುತ್ತಾನೆ.

ಅದಕ್ಕೇ ಈ ಕೋರಿಕೆ. ಸರ್ಕಾರಿ ಜಮೀನು ಗುತ್ತಿಗೆಗೆ ಪಡೆದ ಗಾಲ್ಫ್ ಕೋರ್ಸ್‌ಗಳ ಕರಾರು ನವೀಕರಿಸುವಾಗ ಒಂದು ಷರತ್ತು ಸೇರಿಸಿ. ವಾರದಲ್ಲಿ ಮೂರು ದಿನ ಬೆಳಗಿನ ಹೊತ್ತು ಕ್ಯಾಡಿಗಳಿಗೂ ಹತ್ತಿರದ ಸರ್ಕಾರಿ ಶಾಲೆ ಮಕ್ಕಳಿಗೂ ಆಡಲು ಬಿಡಬೇಕು, ದುಡ್ಡು ಕೇಳಬಾರದು. ನನ್ನಂಥ ಸದಸ್ಯರು ಗೊಣಗುತ್ತೇವೆ, ತಲೆ ಕೆಡಿಸಿಕೊಳ್ಳಬೇಡಿ. ಇನ್ನು, ಪ್ರೊ ಆದ ಬಡ ಹುಡುಗರಿಗೆ ಮೊದಲ ಎರಡು ವರ್ಷದ ಎಂಟ್ರಿ ಫೀ, ಪ್ರಯಾಣದ ಖರ್ಚನ್ನು ಇಲಾಖೆಯೇ ಕೊಟ್ಟರೆ ಒಳ್ಳೆಯದು. ಗೆದ್ದ ಮೇಲೆ ಹಾಕುವ ಹಾರಕ್ಕಿಂತ ಇದರ ಉಪಯೋಗ ಜಾಸ್ತಿ.

ಅಧಿಕಾರಿಗಳಿಂದ ವರದಿ ತರಿಸುವ ಮೊದಲು ಒಂದು ಸೋಮವಾರ ಬೆಳಗ್ಗೆ ಆರೂವರೆಗೆ ನೀವೇ ಬನ್ನಿ ಸರ್. ಮುಂಚೆ ತಿಳಿಸಬೇಡಿ, ಶಾಮಿಯಾನ ಹಾಕಿಬಿಡುತ್ತಾರೆ. ಕರೆಂಟ್ ಟೇಪ್ ಸುತ್ತಿದ ಕ್ಲಬ್ ಹಿಡಿದವನನ್ನು ಹುಡುಕಿ, ಅವನು ಆಡುತ್ತಾ ಹೋದಂತೆ ಹಿಂದೆಯೇ ನಾಲ್ಕು ಹೋಲ್ (ಕುಳಿ) ಮುಗಿಯುವವರೆಗೆ ನಡೆಯಿರಿ.

ಇಂತಿ,
ಭಾನುವಾರದ ಒಬ್ಬ ಗಾಲ್ಫ್ ಆಟಗಾರ, ಬೆಂಗಳೂರು