ಕೋಣೆಗೆ ಬೀಗ, ಬೀದಿಯಲ್ಲಿ ಜಾಗೃತಿ

ಮಾನ್ಯ ಸಂಪಾದಕರೇ,

ಡಿ. 1ರ ಏಡ್ಸ್ ದಿನದ ಜಾಥಾದ ವರದಿ ನಿಮ್ಮ ಪತ್ರಿಕೆಯಲ್ಲಿ ಫೋಟೊ ಸಮೇತ ಬಂದಿದೆ. ಮೆರವಣಿಗೆ ಎಲ್ಲಿಂದ ಹೊರಟಿತು, ಯಾರು ಬಾವುಟ ತೋರಿಸಿದರು ಎಲ್ಲ ಅದರಲ್ಲೇ ಇದೆ, ಮತ್ತೆ ಬರೆಯುವುದಿಲ್ಲ. ಆದರೆ ಆ ಫೋಟೊದಲ್ಲಿ ಬ್ಯಾನರ್ ಹಿಡಿದು ಮುಂದೆ ನಿಂತ ಎಚ್‌ಐವಿ ಕೌನ್ಸೆಲಿಂಗ್ ಕೋಣೆಯ ಇಬ್ಬರನ್ನು ಅದೇ ಹೊತ್ತಿಗೆ ನಾವು ಆಸ್ಪತ್ರೆಯಲ್ಲಿ ಹುಡುಕುತ್ತಿದ್ದೆವು.

ನನ್ನ ತಂಗಿ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಕಸ ಗುಡಿಸಿ ಒರೆಸುವ ಕೆಲಸ ಮಾಡುತ್ತಾಳೆ. ಭಾನುವಾರ ಸಂಜೆ ಏಳರ ಸುಮಾರಿಗೆ ಕಸದ ಚೀಲ ಕಟ್ಟುವಾಗ ಯಾರಿಗೋ ಚುಚ್ಚಿ ಎಸೆದ ಸೂಜಿ ಅವಳ ಬೆರಳಿಗೆ ಹೊಕ್ಕಿತು. ರಕ್ತ ಬಂತು. ‘ಸೋಪು ಹಾಕಿ ತೊಳ್ಕೊ, ಏನೂ ಆಗಲ್ಲ’ ಎಂದು ಮನೆಗೆ ಕಳಿಸಿದರು. ತೊಳೆಯಬೇಕು ನಿಜ. ಆದರೆ ಅಷ್ಟಕ್ಕೇ ಮುಗಿಯುವುದಿಲ್ಲ ಎಂದು ಹೇಳಿದವಳು ಹುಬ್ಬಳ್ಳಿಯಲ್ಲಿ ನರ್ಸಿಂಗ್ ಓದುತ್ತಿರುವ ನನ್ನ ಮಗಳು. ಸೋಂಕು ಇದ್ದವರ ಸೂಜಿಯೇ ಚುಚ್ಚಿದರೂ ಎಚ್‌ಐವಿ ಅಂಟುವುದು ಸಾವಿರಕ್ಕೆ ಸುಮಾರು ಮೂರು ಸಲವಂತೆ. ಕಡಿಮೆಯೇ. ಆದರೂ ವೈದ್ಯರು ನೋಡಿ ಬೇಕೆಂದರೆ ಮುನ್ನೆಚ್ಚರಿಕೆ ಮಾತ್ರೆ ಶುರು ಮಾಡಬೇಕು. ಎರಡು ಗಂಟೆಯೊಳಗೆ ಆದರೆ ಬಹಳ ಒಳ್ಳೆಯದು, 72 ಗಂಟೆ ದಾಟಿದರೆ ಉಪಯೋಗವಿಲ್ಲ. ಶುರು ಮಾಡಿದ ಮೇಲೆ 28 ದಿನ ಬಿಡದೆ ನುಂಗಬೇಕು.

ಅದೇ ರಾತ್ರಿ ಸರ್ಕಾರಿ ಆಸ್ಪತ್ರೆಗೆ ಓಡಿದೆವು. ‘ಆ ಮಾತ್ರೆ ಕೌನ್ಸೆಲಿಂಗ್ ಕೋಣೆಯ ಕಪಾಟಿನಲ್ಲಿದೆ, ಕೀಲಿ ಅವರ ಹತ್ತಿರ, ಬೆಳಿಗ್ಗೆ ಬನ್ನಿ’ ಅಂದರು. ರಾತ್ರಿಯಿಡೀ ತಂಗಿ ಕಣ್ಣು ಮುಚ್ಚಲಿಲ್ಲ. ಮಕ್ಕಳ ತಟ್ಟೆ, ಲೋಟ ಬೇರೆ ಇಡಬೇಕಾ ಎಂದು ಕೇಳುತ್ತಿದ್ದಳು. ಬೇಡ, ತಟ್ಟೆ ಲೋಟದಿಂದ, ಮುಟ್ಟಿದರೆ, ಒಟ್ಟಿಗೆ ಉಂಡರೆ ಬರುವುದಿಲ್ಲ ಎಂದು ಎಷ್ಟು ಸಲ ಹೇಳಿದೆನೋ.

ಸೋಮವಾರ ಬೆಳಿಗ್ಗೆ ಹೊರಟರೆ ಜಾಥಾಕ್ಕಾಗಿ ರಸ್ತೆ ಬಂದ್. ಬಸ್ಸು ಮುಕ್ಕಾಲು ಗಂಟೆ ನಿಂತಿತು. ಇಳಿದು ಬಿಸಿಲಲ್ಲಿ ನಡೆದೆವು. ಆಸ್ಪತ್ರೆ ಮುಟ್ಟಿದರೆ ಆ ಕೋಣೆಗೆ ಬೀಗ. ಪಕ್ಕದ ಕೌಂಟರಿನವರು ಸಾಲಿನಲ್ಲಿ ನಿಂತ ಎಲ್ಲರಿಗೂ ಕೇಳುವ ಹಾಗೆ, ‘ಎಚ್‌ಐವಿ ಟೆಸ್ಟಾ? ಅವರೆಲ್ಲ ಫಂಕ್ಷನ್ನಿಗೆ ಹೋಗಿದ್ದಾರೆ’ ಅಂದರು. ತಂಗಿ ಸೆರಗು ಮುಖಕ್ಕೆ ಎಳೆದುಕೊಂಡು ವಾಪಸ್ ಹೋಗೋಣ ಅಂದಳು. ಕೈ ಹಿಡಿದು ನಿಲ್ಲಿಸಿದೆ. ಕೊನೆಗೆ ಇನ್ನೊಂದು ಊರಿಗೆ ಹೋಗಿ, ಮೊದಲ ಮಾತ್ರೆ ನುಂಗುವಾಗ ಮಧ್ಯಾಹ್ನ ನಾಲ್ಕು. ಸೂಜಿ ಚುಚ್ಚಿ 21 ಗಂಟೆ! ಅಲ್ಲಿನ ವೈದ್ಯರು ಒಳ್ಳೆಯವರು, ಬೈಯಲಿಲ್ಲ, ಕೂರಿಸಿ ಮಾತಾಡಿದರು. ಆದರೆ ಆಟೊ, ಬಸ್ಸು, ಇಬ್ಬರದೂ ದಿನದ ಸಂಬಳ ಹೋಯಿತು. ಅದನ್ನು ಯಾರು ಕೊಡುತ್ತಾರೆ?

ಬಸ್ಸಿಗೆ ಕಾಯುವಾಗ ಮೈಕಿನ ಭಾಷಣ ಕಿವಿಗೆ ಬೀಳುತ್ತಿತ್ತು. ಅತಿಥಿ ತಡವಾಗಿ ಬಂದರು, ಶಾಲೆ ಮಕ್ಕಳು ಬಿಸಿಲಲ್ಲೇ ನಿಂತಿದ್ದರು. ‘ಏಡ್ಸ್ ಬಂದರೆ ಸಾವೇ ಗತಿ’ ಎಂದರು ಅತಿಥಿ. ಇದು ಸುಳ್ಳು. 2004ರಿಂದ ಸರ್ಕಾರವೇ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆ ಪುಕ್ಕಟೆ ಕೊಡುತ್ತಿದೆ. ತಪ್ಪದೆ ನುಂಗಿದವರು ಎಲ್ಲರಂತೆ ದುಡಿದು ಬದುಕುತ್ತಾರೆ. ತಾಯಿಗೆ ಸೋಂಕಿರುವುದು ಬಸುರಿಯಲ್ಲೇ ಗೊತ್ತಾಗಿ ಔಷಧ ಕೊಟ್ಟರೆ ನೂರರಲ್ಲಿ 95ಕ್ಕೂ ಜಾಸ್ತಿ ಮಕ್ಕಳು ಸೋಂಕಿಲ್ಲದೆ ಹುಟ್ಟುತ್ತವೆ. ಸಾವೇ ಗತಿ ಎಂದು ಹೆದರಿಸಿದರೆ ಯಾರು ಪರೀಕ್ಷೆಗೆ ಬರುತ್ತಾರೆ? ತಡೆಯುವ ಬಗ್ಗೆ ಅಷ್ಟು ಹೊತ್ತು ಮಾತಾಡಿದರು, ಕಾಂಡೋಮ್ ಎಂಬ ಒಂದು ಮಾತು ಬಾಯಿಂದ ಬರಲಿಲ್ಲ. 72 ಗಂಟೆಯ ವಿಷಯವಿಲ್ಲ. 1097 ಎಂಬ ಪುಕ್ಕಟೆ ಸಹಾಯವಾಣಿ ಇದೆ ಎಂದು ಹೇಳಲಿಲ್ಲ. ಮತ್ತೆ ಜನರಿಗೆ ಗೊತ್ತಾಗಿದ್ದೇನು?

ನಮ್ಮ ಕರಾವಳಿಯ ಬೈತಖೋಲ, ತದಡಿ, ಕಾಸರಕೋಡದ ಮೀನುಗಾರಿಕೆ ಬೋಟುಗಳಲ್ಲಿ ಒಡಿಶಾ, ಜಾರ್ಖಂಡ್ ಹುಡುಗರು ತಿಂಗಳುಗಟ್ಟಲೆ ಮನೆ ಬಿಟ್ಟು ದುಡಿಯುತ್ತಾರೆ. ಅವರಿಗೆ ಕನ್ನಡ ಓದಲು ಬರುವುದಿಲ್ಲ. ಹೆದ್ದಾರಿ ಬದಿ ಲಾರಿ ನಿಲ್ಲಿಸಿ ಮಲಗುವವರಿದ್ದಾರೆ. ಅವರ ಹತ್ತಿರ ಹೋಗಿ, ಅವರ ಮಾತಿನಲ್ಲೇ ಹೇಳಬೇಕಲ್ವಾ? ಅದು ಬಿಟ್ಟು ಏಳನೇ ಕ್ಲಾಸಿನ ಮಕ್ಕಳನ್ನು ಸುಮ್ನೆ ಸಾಲು ನಿಲ್ಲಿಸಿ ಫೋಟೊ ತೆಗೆಸುತ್ತಾರೆ.

2017ರಲ್ಲಿ ಎಚ್‌ಐವಿ, ಏಡ್ಸ್ ಬಗ್ಗೆ ಕಾಯ್ದೆಯೇ ಬಂದಿದೆ. 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ಆಸ್ಪತ್ರೆ ಕೆಲಸದವರಿಗೆ ಕೈಗವಸು, ತರಬೇತಿ, ಸೂಜಿ ಚುಚ್ಚಿದರೆ ಈ ಮಾತ್ರೆ, ಎಲ್ಲವನ್ನೂ ಕೆಲಸ ಕೊಟ್ಟವರೇ ಒದಗಿಸಬೇಕು ಎಂದು ಅದರಲ್ಲಿದೆ. ತಂಗಿಗೆ ಕೊಟ್ಟ ಕೈಗವಸು ಹರಿದಿತ್ತು. ಕೇಳಲು ಹೋದರೆ ಕೆಲಸ ಹೋಗುತ್ತದೆ ಎಂಬ ಹೆದರಿಕೆ. ಇದನ್ನು ನೋಡಬೇಕಾದ ಅಧಿಕಾರಿಗಳು ವರ್ಷಕ್ಕೆ ಒಮ್ಮೆಯಾದರೂ ನರ್ಸಿಂಗ್ ಹೋಮುಗಳ ಕಸದ ಕೋಣೆಗೆ ಕಾಲಿಟ್ಟಿದ್ದಾರಾ?

ನಮ್ಮ ಜಿಲ್ಲೆಯಲ್ಲಿ ಎಲ್ಲದಕ್ಕೂ ಇದೇ ಗತಿ. ಒಳ್ಳೆಯ ಆಸ್ಪತ್ರೆ ಬೇಕು ಎಂದು 2022ರಲ್ಲಿ ಜಿಲ್ಲೆಯೇ ಕೂಗಿತು. ಈಗಲೂ ತಲೆಗೆ ಪೆಟ್ಟಾದರೆ ಮಣಿಪಾಲ, ಇಲ್ಲದಿದ್ದರೆ ಗೋವಾ. 2024ರ ಜುಲೈಯಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಜನ ಸತ್ತರು. ಮುಂದಿನ ತಿಂಗಳೇ ಕಾಳಿ ನದಿಯ ಹಳೆ ಸೇತುವೆ ಬಿತ್ತು. ಆಮೇಲೆ ಎಲ್ಲರೂ ಬಂದು ನೋಡಿ ಹೋದರು. ಆಗುವ ಮೊದಲು ಯಾರೂ ಬರುವುದಿಲ್ಲ. ರೋಗದ ವಿಷಯಕ್ಕೂ ಹಾಗೆಯೇ.

ಆಸ್ಪತ್ರೆಯ ಆ ಕೌನ್ಸೆಲಿಂಗ್ ಕೋಣೆ ರಜೆ ದಿನವೂ ತೆರೆದಿರಬೇಕು. ಕೀಲಿಯಾದರೂ ರಾತ್ರಿ ಪಾಳಿಯವರ ಕೈಯಲ್ಲಿರಬೇಕು. ಜಾಥಾ ನಿಲ್ಲಿಸಿ. ಬೇಡ, ಜಾಥಾ ಮಾಡಿ, ಆದರೆ ತಿಳಿದವರಿಂದ ಮಾತಾಡಿಸಿ. ಜವಾಬ್ದಾರರು ಯಾರೋ ಅವರು ಒಮ್ಮೆ ನಮ್ಮ ಮನೆಗೆ ಬಂದು ತಂಗಿಯ ಮುಖ ನೋಡಿ ಉತ್ತರ ಕೊಡಲಿ. ಮಾತ್ರೆಯಿಂದ ಅವಳಿಗೆ ಹೊಟ್ಟೆ ತೊಳಸುತ್ತಿದೆ, ಊಟ ಸೇರುತ್ತಿಲ್ಲ, ಆದರೂ ಬಿಟ್ಟಿಲ್ಲ. ಇನ್ನೂ ರಕ್ತ ಪರೀಕ್ಷೆಗಳು ಬಾಕಿ ಇವೆ. ಅವಳು ತನ್ನ ಪಾಲಿನದ್ದು ಮಾಡುತ್ತಿದ್ದಾಳೆ. ಸಂಬಳ ತಗೊಳ್ಳುವ ನಿಮಗೇನಾಗಿದೆ?

(ದಯವಿಟ್ಟು ಹೆಸರು, ಊರು ಹಾಕಬೇಡಿ. ನನಗೆ ನಾಚಿಕೆಯಿಲ್ಲ. ಆದರೆ ಊರು ಬರೆದರೆ ತಂಗಿ ಯಾರೆಂದು ಗೊತ್ತಾಗುತ್ತದೆ, ಅವಳು ಅದೇ ಬಸ್ಸಿನಲ್ಲಿ ದಿನಾ ಕೆಲಸಕ್ಕೆ ಹೋಗಬೇಕು.)

– ಒಬ್ಬ ಅಣ್ಣ, ಉತ್ತರ ಕನ್ನಡ