ಖರ್ಚು ಯಾರದು ಅಂತ ಕೇಳಿದ್ದಿರಲ್ಲ, ಅಪ್ಪಾ

ಬಾಯೂ, ಫ್ರಾನ್ಸ್
12 ಜೂನ್ 2024

ಪ್ರೀತಿಯ ಅಪ್ಪನಿಗೆ ನಮಸ್ಕಾರಗಳು.

ನಾನು ಕ್ಷೇಮ. ಈ ಪತ್ರವನ್ನು ಅಮ್ಮನಿಗೂ ಓದಿ ಹೇಳಿ. ಹೋದ ವಾರ ಫೋನಿನಲ್ಲಿ ಸರಿಯಾಗಿ ಮಾತಾಡಲು ಆಗಲಿಲ್ಲ. ನಾನು ಕೆಲಸ ಮಾಡುವ ಹೋಟೆಲ್ ಪೂರ್ತಿ ಭರ್ತಿಯಾಗಿತ್ತು. ಜೂನ್ 6ಕ್ಕೆ ಡಿ-ಡೇ ಆಗಿ 80 ವರ್ಷ. 1944ರ ಆ ದಿನ ಅಮೆರಿಕ, ಬ್ರಿಟನ್ ಮುಂತಾದ ಮಿತ್ರದೇಶಗಳ ಒಂದೂವರೆ ಲಕ್ಷಕ್ಕೂ ಜಾಸ್ತಿ ಸೈನಿಕರು ಹಡಗಿನಲ್ಲಿ, ವಿಮಾನದಲ್ಲಿ ಬಂದು ಇಲ್ಲಿಯ ನಾರ್ಮಂಡಿ ಕರಾವಳಿಯಲ್ಲಿ ಇಳಿದರು. ಹಿಟ್ಲರನ ಕೈಯಿಂದ ಫ್ರಾನ್ಸನ್ನು ಬಿಡಿಸಿಕೊಳ್ಳುವ ಕೆಲಸ ಶುರುವಾಗಿದ್ದು ಈ ಮರಳಿನ ಮೇಲೆ.

ಅಮೆರಿಕದ ಒಬ್ಬ ಸಂಸದರು ನಮ್ಮಲ್ಲಿ ಇಳಿದಿದ್ದಾರೆ ಅಂದ ಕೂಡಲೇ ನೀವು ಕೇಳಿದ್ದು ಒಂದೇ ಪ್ರಶ್ನೆ: 'ಖರ್ಚು ಯಾರದು?' ನನಗೆ ನಗು ಬಂತು. ಆದರೆ ಆಮೇಲೆ ವಿಚಾರಿಸಿದೆ. ಸಂಸದರ ಪ್ರವಾಸ ಸರ್ಕಾರದ ಖರ್ಚಿನಲ್ಲಿ. ಆದರೆ ಯಾರ ಸಲುವಾಗಿ ಇಷ್ಟೆಲ್ಲ ನಡೀತಿದೆಯೋ ಅಂದು ಕಾದಾಡಿದ ಆ ಮುದುಕರಲ್ಲಿ ಅನೇಕರನ್ನು ಕರೆದುಕೊಂಡು ಬಂದಿದ್ದು ಸೇವಾ ಸಂಸ್ಥೆಗಳು, ಜನರ ದೇಣಿಗೆ. ನೀವು ಇಲ್ಲಿ ಇದ್ದಿದ್ದರೆ ಏನು ಹೇಳುತ್ತಿದ್ದಿರಿ ಅಂತ ಗೊತ್ತು, ಬರೆಯುವುದು ಬೇಡ.

ಅದೇ ವಾರ ಎರಡೂ ಪಕ್ಷದ ಕೆಲವು ಸಂಸದರು ಯುದ್ಧಕಾಲದ ವಿಮಾನದಿಂದ ಪ್ಯಾರಾಚೂಟ್ ಕಟ್ಟಿಕೊಂಡು ಹಾರಿದರು. ಅವರು ಹಿಂದೆ ಸೈನ್ಯದಲ್ಲಿ ಇದ್ದವರು, ಸುಮ್ನೆ ಶೋಕಿಗೆ ಹಾರಿದ್ದಲ್ಲ. ಆದರೂ ಕೆಳಗೆ ಕ್ಯಾಮೆರಾಗಳು ಕಾಯುತ್ತಿದ್ದವು ಅಲ್ವಾ? 1944ರಲ್ಲಿ ಜಾನ್ ಸ್ಟೀಲ್ ಅನ್ನುವ ಸೈನಿಕ ಸೇಂಟ್ ಮೇರ್ ಎಗ್ಲೀಸ್ ಊರಿನ ಚರ್ಚಿನ ಗೋಪುರಕ್ಕೆ ಪ್ಯಾರಾಚೂಟ್ ಸಿಕ್ಕಿಕೊಂಡು ನೇತಾಡಿದ. ಸತ್ತವನ ಹಾಗೆ ನಟಿಸಿ ಜೀವ ಉಳಿಸಿಕೊಂಡ. ಆ ಗೋಪುರದಲ್ಲಿ ಈಗಲೂ ಒಂದು ಬೊಂಬೆ ನೇತಾಡುತ್ತಿದೆ.

ನಮ್ಮ ಹೋಟೆಲಿನ ಸಂಸದರು ಹಾರಲಿಲ್ಲ. ಅವರಿಗೆ ಮಂಡಿನೋವು.

ಸಮಾರಂಭ ಮುಗಿದ ಮೇಲೆ ಒಂದು ದಿನ ನನಗೆ ಬೇರೆ ಕೆಲಸ ಬಂತು. ಡಿ-ಡೇ ದಿನ ಇಲ್ಲಿ ಇಳಿದಿದ್ದ 99 ವರ್ಷದ ಅಜ್ಜ ಒಬ್ಬರು ನಮ್ಮಲ್ಲಿ ಉಳಿದಿದ್ದರು, ಅವರು ಅಮೆರಿಕದ ಸೈನಿಕರನ್ನು ಹೂಳಿದ ಕೊಲ್‌ವಿಲ್ ಸ್ಮಶಾನಕ್ಕೆ ಹೋಗಬೇಕಿತ್ತು. ಗಾಲಿಕುರ್ಚಿ ತಳ್ಳಲು ಜನ ಬೇಕು ಅಂದರು, ಹೋದೆ. ಸಂಸದರೂ ಜೊತೆಗೆ ಬಂದರು. ದಾರಿಯಲ್ಲಿ ಅವರು ಆ ದಿನದ ಬಗ್ಗೆ ಕೇಳಿದರೆ ಅಜ್ಜ ಹೇಳಿದ್ದಿಷ್ಟು: 'ದೋಣಿಯಲ್ಲಿ ವಾಂತಿ ಮಾಡಿಕೊಂಡಿದ್ದೇ ಜಾಸ್ತಿ ನೆನಪು.'

ಅಪ್ಪಾ, ಅಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಸಮಾಧಿಗಳಿವೆ. ಎಲ್ಲ ಬಿಳಿ ಅಮೃತಶಿಲೆ, ಎಲ್ಲವೂ ಪಶ್ಚಿಮಕ್ಕೆ, ಅಮೆರಿಕದ ಕಡೆಗೆ ಮುಖ ಮಾಡಿವೆ. ಕಲ್ಲಿನ ಮೇಲೆ ಹೆಸರು, ದಳ, ರಾಜ್ಯ, ಸತ್ತ ದಿನ ಇರುತ್ತದೆ. ಹುಟ್ಟಿದ ದಿನ ಇಲ್ಲ. ಎಷ್ಟು ವಯಸ್ಸಿಗೆ ಸತ್ತ ಅಂತ ಕಲ್ಲು ಹೇಳುವುದಿಲ್ಲ.

ಸಂಸದರ ಜೇಬಿನಲ್ಲಿ ಒಂದು ಚೀಟಿ ಇತ್ತು. ಅವರ ಕ್ಷೇತ್ರದ ಹುಡುಗನೊಬ್ಬನ ಹೆಸರು, ಸಮಾಧಿಯ ಸಂಖ್ಯೆ. ವಯಸ್ಸು 20 ಅಂತ ಅವನ ಮನೆಯವರು ಬರೆದುಕೊಟ್ಟಿದ್ದರು. ಬಿಳಿ ಕಲ್ಲಿನಲ್ಲಿ ಕೆತ್ತಿದ ಅಕ್ಷರ ಫೋಟೋದಲ್ಲಿ ಕಾಣುವುದಿಲ್ಲ. ಅದಕ್ಕೆ ಅಲ್ಲಿಯ ಸಿಬ್ಬಂದಿ ಅಂದು ಅಮೆರಿಕದ ಸೈನಿಕರು ಇಳಿದ ಒಮಾಹಾ ಕಡಲತೀರದ ಒದ್ದೆ ಮರಳು ತರುತ್ತಾರೆ. ಅಕ್ಷರಗಳ ಮೇಲೆ ಅದನ್ನು ತಿಕ್ಕಿ, ಮೇಲೆ ಉಳಿದದ್ದನ್ನು ಒರೆಸಿದರೆ ಹೆಸರು ಎದ್ದು ಬರುತ್ತದೆ. ಮಳೆ ಬಂದರೆ ತೊಳೆದುಹೋಗುತ್ತದೆ. 'ನಾನೇ ತಿಕ್ಕುತ್ತೇನೆ' ಅಂದರು ಸಂಸದರು. ಮಂಡಿ ಊರಿ ಕೂತರು. ಕೋಟಿನ ತೋಳೆಲ್ಲ ಮರಳು. ಅಲ್ಲಿ ಫೋಟೋ ತೆಗೆಯಲು ಪತ್ರಿಕೆಯವರು ಯಾರೂ ಇರಲಿಲ್ಲ, ನನ್ನ ಫೋನ್ ಒಂದೇ. ಮೂರು ಫೋಟೋ ತೆಗೆದೆ. ಒಂದೂ ನೆಟ್ಟಗೆ ಬರಲಿಲ್ಲ, ಅವನ್ನೇ ಅವನ ಮನೆಯವರಿಗೆ ಕಳಿಸಿದರು.

ನಮ್ಮವರು ಯಾರೂ ಇರಲಿಲ್ಲವಾ ಅಂತಲೂ ಕೇಳಿದ್ದಿರಿ. ಆ ಜೂನ್‌ನಲ್ಲಿ ನಮ್ಮ ಸೈನಿಕರು ಇಟಲಿಯಲ್ಲಿ, ಇಂಫಾಲದಲ್ಲಿ ಕಾದಾಡುತ್ತಿದ್ದರು. ಫ್ರಾನ್ಸಿಗೆ 1939ರ ಕೊನೆಯಲ್ಲೇ ನಮ್ಮ ಹೇಸರಗತ್ತೆಗಳ ದಳ ಬಂದಿತ್ತು, ಅದರ ಹಲವರು 1940ರಲ್ಲಿ ಡನ್‌ಕರ್ಕ್ ಬಂದರಿನಿಂದ ವಾಪಸಾದರು. ಅಜ್ಜನಿಗೆ ಇದನ್ನು ಹೇಳಿದೆ. 'ಹೇಸರಗತ್ತೆಗೆ ಯಾರೂ ಪದಕ ಕೊಡಲಿಲ್ಲವೇನೋ' ಅಂದರು.

ವಾಪಸು ಬರುವಾಗ ಅಜ್ಜ ಸಂಸದರನ್ನು ಕೇಳಿದರು, 'ಮುಂದಿನ ದೊಡ್ಡ ಸಮಾರಂಭಕ್ಕೆ ಬರ್ತೀಯಾ?' ಈ ನವೆಂಬರಿನಲ್ಲಿ ಅಮೆರಿಕದಲ್ಲಿ ಚುನಾವಣೆ. ಸಂಸದರು ನಕ್ಕು, 'ಗೆದ್ದರೆ ಬರ್ತೀನಿ' ಅಂದರು.

'ನಾನೂ ಬರ್ತೀನಿ,' ಅಂದರು ಅಜ್ಜ, 'ಇದ್ದರೆ.'

ಭಾನುವಾರ ಫೋನ್ ಮಾಡುತ್ತೇನೆ. ಅಮ್ಮನಿಗೂ ಮಾತಾಡಲು ಬಿಡಿ.

ನಿಮ್ಮ ಪ್ರೀತಿಯ ಮಗಳು